ದ್ಯಾವಪ್ಪನ ಅಂಗೈ ಮೇಲಿನ ಕಪ್ಪೆ

ಹೊಳೆದಂಡೆಯ ಮಠದಲ್ಲಿ ದ್ಯಾವಪ್ಪನೆಂಬ ಶಿಷ್ಯ ಬದನೆ ಮಡಿ ಅಗೆಯುತ್ತಿದ್ದ. ಸುಡು ಬೇಸಿಗೆ. ತಂಪು ಹುಡುಕಿ ಮಣ್ಣೊಳಗೆ ಮಲಗಿದ್ದ ನೆಲಗಪ್ಪೆಯೊಂದರ ಹಿಂಗಾಲು ಅವನ ಗುದ್ದಲಿಗೆ ತುಂಡಾಯಿತು.

ಗಾಯವನ್ನು ಗುರುಗಳೇ ಆರೈಕೆ ಮಾಡಿ ಮಾಯಿಸಿದರು. ಕಾಲು ಮಾತ್ರ ಮರಳಲಿಲ್ಲ. ಇನ್ನು ಅದು ಮಣ್ಣು ಕೊರೆಯಲಾರದು, ಜಿಗಿದು ತಪ್ಪಿಸಿಕೊಳ್ಳಲಾರದು. ಹೊರಗೆ ಬಿಟ್ಟರೆ ಕಾಗೆಯ ಪಾಲು.

"ಅಜ್ಜಾರ, ಈ ಪಾಪ ಹೆಂಗ ಕಳಕೊಳ್ಳಲಿ?" ದ್ಯಾವಪ್ಪ ಗುರುಗಳನ್ನು ಕೇಳಿದ. "ಹೊಳ್ಯಾಗ ನೂರೆಂಟು ಮುಳುಗು ಹಾಕಲೇನ್ರಿ?"

"ಹಾಕು. ಮೈಯರ ಸ್ವಚ್ಛ ಆಗತೈತಿ."

ಗುರುಗಳು ಕಪ್ಪೆಯನ್ನೆತ್ತಿ ಅವನ ಅಂಗೈಯಲ್ಲಿಟ್ಟರು.

"ಮಠಕ್ಕ ಬಂದವರಿಗೆಲ್ಲ ಇದನ್ನ ತೋರಸು. ಇದು ಎಂಥಾ ಜೀವ ಅಂತ ಹೇಳು."

ದ್ಯಾವಪ್ಪ ತೋರಿಸಿದ. ಮುಟ್ಟಿದರೆ ನರಹುಲಿ ಏಳುವುದಿಲ್ಲ ಎಂದ. ಬೆಳೆ ತಿನ್ನುವ ಹುಳವನ್ನೆಲ್ಲ ಇದು ತಿನ್ನುತ್ತದೆ ಎಂದ. "ಕಾಲಿಗೇನಾತು?" ಎಂದವರಿಗೆ "ಗುದ್ದಲಿ ಬಿತ್ತು" ಎಂದ.

ಜನ ಹೂಂಗುಟ್ಟಿದರು. ದೂರದಿಂದಲೇ ನೋಡಿ ಹೋದರು. ಮಳೆಗಾಲ ಕಳೆಯಿತು, ಚಳಿ ಬಂತು. ಒಬ್ಬರೂ ಮುಟ್ಟಲಿಲ್ಲ.

"ಅಜ್ಜಾರ, ಎಷ್ಟು ಹೇಳಿದರೂ ಯಾರ ಎದಿಗೂ ಇಳಿಯಂಗಿಲ್ಲ."

"ಎಲ್ಲಾ ಹೇಳೀಯೇನು?"

"ಗೊತ್ತಿದ್ದದ್ದೆಲ್ಲ ಹೇಳೀನ್ರಿ."

ಗುರುಗಳು ಎದ್ದು ಬಳ್ಳಿಗೆ ನೀರು ಹಾಕಲು ಹೋದರು.

ಒಂದು ಇಳಿಹೊತ್ತು ಎಮ್ಮೆ ಕಾಯುವ ಮುದುಕಿ ತುಂಗವ್ವ ಬಂದಳು. ದ್ಯಾವಪ್ಪ ಎಂದಿನಂತೆ ಪಾಠ ಒಪ್ಪಿಸಿದ. ಮುದುಕಿ ನಕ್ಕಳು.

"ಗುದ್ದಲಿ ಬಿತ್ತಂತ! ಗುದ್ದಲಿಗೇನು ಕಾಲದಾವೇನೋ ತಮ್ಮಾ, ತಾನಾಗೇ ನಡಕೊಂಡು ಬಂದು ಬೀಳಾಕ?"

ದ್ಯಾವಪ್ಪ ತನ್ನ ಕೈಯತ್ತ ನೋಡಿದ. ಅಂಗೈಯಲ್ಲಿ ಕಪ್ಪೆಯ ಗಂಟಲು ಪಟಪಟ ಮಿಡಿಯುತ್ತಿತ್ತು.

"ಗುದ್ದಲಿ ನಂದು, ಯವ್ವಾ. ಕಡದಾಂವ ನಾನು."

ತುಂಗವ್ವ ಬೈಯಲಿಲ್ಲ. ಕೋಲು ನೆಲಕ್ಕಿಟ್ಟು ಅವನೆದುರು ಕುಕ್ಕರುಗಾಲಲ್ಲಿ ಕೂತಳು.

"ಬಚ್ಚಲಕ್ಕ ಬಂದ ಕಪ್ಪಿಗೆ ನಾನೂ ಉಪ್ಪು ಸುರುವೀನಿ," ಎಂದಳು ಮೆಲ್ಲಗೆ. "ಉರಿ ತಾಳಲಾರದ ಒದ್ದಾಡತಿದ್ದವು. ಮಂದಿ ಮಾಡ್ತಾರಂತ ನಾನೂ ಮಾಡಿದೆ. ಯಾರ ಮುಂದೂ ಹೇಳಿದ್ದಿಲ್ಲ."

ಒಂದು ಬೆರಳು ಚಾಚಿ ಕಪ್ಪೆಯ ಬೆನ್ನು ಮುಟ್ಟಿದಳು. ಕಪ್ಪೆ ಕಣ್ಣು ಮುಚ್ಚಿ ತೆರೆಯಿತು.

"ಎಷ್ಟು ತಣ್ಣಗೈತೋ ಇದು!"

ಅವಳು ಎಮ್ಮೆ ಹೊಡೆದುಕೊಂಡು ಹೋದದ್ದೇ ತಡ, ದ್ಯಾವಪ್ಪ ಕಪ್ಪೆಯನ್ನು ಎದೆಗವಚಿ ಗುರುಗಳ ಬಳಿ ಬಂದ. ಕಣ್ಣು ತುಂಬಿದ್ದವು.

"ಅಜ್ಜಾರ, ಇದು ನನ್ನ ಕ್ಷಮಿಸೇತೇನ್ರಿ?"

ಗುರುಗಳು ಕಪ್ಪೆಯನ್ನು ನೋಡಿದರು. ಅವನನ್ನೂ ನೋಡಿದರು.

"ಅದಕ್ಕ ಹಸಿವಾಗೇತಿ. ಹೋಗಪ್ಪಾ, ನಾಕು ಹುಳ ಹಿಡಕೊಂಡು ಬಾ."