ಸಮುದ್ರ ನೋಡಲು ಹೋದ ನೇಕಾರನ ಮಗಳು

“ಗುರುಗಳೇ, ಯಾವ ದಾರಿ ಹಿಡಿದರೆ ಮುಂದೆ ಹಳಹಳಿ ಉಳಿಯುವುದಿಲ್ಲ?”

ಕೇಳಿದವನು ಮುರಿಗೆಪ್ಪ. ಮಠದ ಪ್ರಸಾದನಿಲಯದಲ್ಲಿದ್ದು ಓದಿದ ಹುಡುಗ. ಶಾಲೆ ಮುಗಿದಿತ್ತು. ಜೊತೆಯವರೆಲ್ಲ ಟ್ರಂಕು ಹೊತ್ತುಕೊಂಡು ತಮ್ಮ ತಮ್ಮ ದಾರಿ ಹಿಡಿದಿದ್ದರು. ಇವನೊಬ್ಬ ಉಳಿದಿದ್ದ. ಪಶುವೈದ್ಯದ ಡಿಪ್ಲೊಮಾ ಓದಲು ಅವನಿಗೆ ಸೀಟು ಸಿಕ್ಕಿತ್ತು. ಗದಗದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಸೋದರಮಾವ, ನೀನು ಬಂದರೆ ಕೆಲಸ ಕಲಿಸಿ ಅಂಗಡಿಯನ್ನೇ ನಿನ್ನ ಕೈಗೆ ಕೊಡುತ್ತೇನೆ ಎಂದು ಹೇಳಿಕಳಿಸಿದ್ದ. ದನಕರುಗಳೆಂದರೆ ಮುರಿಗೆಪ್ಪನಿಗೆ ಜೀವ. ಹಾರ್ಮೋನಿಯಂ ಬಿಚ್ಚಿ, ಕೆಟ್ಟ ಸ್ವರವನ್ನು ಹುಡುಕಿ ಸರಿ ಮಾಡುವುದೆಂದರೂ ಅಷ್ಟೇ ಜೀವ. ಒಂದನ್ನು ಆರಿಸಿಕೊಂಡೆ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಇನ್ನೊಂದು ಕರೆಯುತ್ತಿತ್ತು.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೆ ಒಬ್ಬಳೇ ಮಗಳು. ತಾಯಿ ಇರಲಿಲ್ಲ. ಊರಿನ ಐಗಳು ತಮ್ಮ ಜಗಲಿಯ ಮೇಲೆ ಮಕ್ಕಳಿಗೆ ಓದು, ಬರಹ, ಲೆಕ್ಕ ಕಲಿಸುತ್ತಿದ್ದರು. ಹುಡುಗಿ ಅಲ್ಲಿ ಕಲಿತಳು. ಒಂದು ದಿನ ಐಗಳು ನೇಕಾರನನ್ನು ಕರೆಸಿ, ನನ್ನ ಹತ್ತಿರ ಇದ್ದದ್ದೆಲ್ಲ ಮುಗಿಯಿತು, ಇನ್ನು ಇವಳು ಯಾವುದಾದರೂ ಕಸುಬು ಹಿಡಿಯಲಿ ಎಂದರು.

ಅವಳನ್ನು ಕೇಳಿಕೊಂಡು ಇಬ್ಬರು ಬಂದರು.

ಮೊದಲು ಬಂದವಳು ಒಬ್ಬ ವ್ಯಾಪಾರಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಅವನ ವ್ಯಾಪಾರವನ್ನು ಅವಳೇ ನಡೆಸುತ್ತಿದ್ದಳು. ವರ್ಷಕ್ಕೊಮ್ಮೆ ಹೇರಿನ ಎತ್ತುಗಳನ್ನು ಹೊಡೆದುಕೊಂಡು ಬಂದು, ನೇಕಾರನ ಬಟ್ಟೆ ಕೊಂಡು, ಘಟ್ಟ ಇಳಿದು, ಸಮುದ್ರದ ದಂಡೆಯ ಪೇಟೆಯಲ್ಲಿ ಮಾರುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಓದು ಬಲ್ಲ ಹುಡುಗಿ ಜೊತೆಗಿದ್ದರೆ ತನಗೂ ಆಸರೆ, ಹುಡುಗಿಯೂ ನಾಲ್ಕು ಸೀಮೆ ನೋಡಿ ವ್ಯಾಪಾರ ಕಲಿಯುತ್ತಾಳೆ ಎಂದಳು.

ಆಮೇಲೆ ಬಂದವನು ಅದೇ ಊರಿನ ಎಲುಬು ಕೂಡಿಸುವ ವೈದ್ಯ. ವಯಸ್ಸಾಗಿತ್ತು, ಕಣ್ಣು ಮಂಜಾಗುತ್ತಿತ್ತು. ಮಗ್ಗದಲ್ಲಿ ಹರಿದ ಎಳೆಯನ್ನು ಈ ಹುಡುಗಿ ಗಂಟು ಕಾಣದಂತೆ ಕೂಡಿಸುವುದನ್ನು ಅವನು ಹಿಂದೊಮ್ಮೆ ನಿಂತು ನೋಡಿದ್ದ. ಇವಳ ಕೈಗೆ ನನ್ನ ವಿದ್ಯೆ ಕೊಟ್ಟು ಹೋಗುವ ಆಸೆ ಇದೆ ಎಂದ.

ನೇಕಾರ ಮಗಳ ಮುಖ ನೋಡಿದ. ಮಗಳು, ನೀನೇ ಹೇಳಪ್ಪ ಎಂದಳು.

“ಮಗ್ಗ ಬಿಟ್ಟು ನಾನು ಬೇರೆ ಏನನ್ನೂ ನೋಡಿದವನಲ್ಲ ತಾಯಿ,” ಎಂದ ನೇಕಾರ. “ನೋಡದೇ ಇರುವುದರ ಬಗ್ಗೆ ನಿನಗೆ ಏನೆಂದು ಹೇಳಲಿ?”

ಹುಡುಗಿಗೆ ಸಮುದ್ರದ ಮೇಲೆ ಮನಸ್ಸಿತ್ತು. ಆ ಹೆಂಗಸು ಬಂದಾಗಲೆಲ್ಲ ಎತ್ತುಗಳಿಗೆ ನೀರು ಕುಡಿಸುತ್ತ ಸಮುದ್ರದ ಸುದ್ದಿ ಹೇಳುತ್ತಿದ್ದಳು. ಗಾಳಿ ಇಲ್ಲದಾಗಲೂ ಅದು ಸುಮ್ಮನಿರುವುದಿಲ್ಲವಂತೆ. ಅದರ ಆಚೆ ದಂಡೆಯನ್ನು ಕಂಡವರಿಲ್ಲವಂತೆ. ಹುಡುಗಿ ವ್ಯಾಪಾರಿ ಹೆಂಗಸಿನ ಜೊತೆ ಹೋಗುತ್ತೇನೆ ಎಂದಳು. ವೈದ್ಯ ಎದ್ದು ಹೋದ.

ಹೊರಡುವ ದಿನ ಬೆಳಗ್ಗೆ ಅವಳ ಬಟ್ಟೆಯ ಗಂಟನ್ನು ಎತ್ತಿನ ಮೇಲೆ ಹೇರಿ ಆಗಿತ್ತು. ಆಗ ವೈದ್ಯನ ಮನೆಯಿಂದ ಕರೆ ಬಂತು. ಗೋಡೆ ಕಟ್ಟುತ್ತಿದ್ದ ಒಬ್ಬ ಗೌಂಡಿ ಮೇಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ನಾನು ಎಳೆಯುವಾಗ ಕಾಲು ಹಿಡಿದುಕೊಳ್ಳಲು ಒಬ್ಬರು ಬೇಕು, ಇದೊಂದು ಸಲ ಬಂದು ಹೋಗು ಎಂದು ಮುದುಕ ಹೇಳಿಕಳಿಸಿದ್ದ. ಹೋಗಿ ಬಾ, ನಾನು ಕಾಯುತ್ತೇನೆ ಎಂದಳು ವ್ಯಾಪಾರಿ ಹೆಂಗಸು.

ಮುದುಕ ಎಳೆದ. ಹುಡುಗಿ ಹಿಡಿದಳು. ಗೌಂಡಿ ಅರಚಿದ. ಆಗ ಅವಳ ಅಂಗೈಯ ಕೆಳಗೆ ಎಲುಬು ಸರಿಯಿತು, ಸರಿದು ತನ್ನ ಜಾಗದಲ್ಲಿ ಹೋಗಿ ಕೂತಿತು. ಅದು ಕೂತದ್ದು ಅವಳ ಮೈಗೆಲ್ಲ ಗೊತ್ತಾಯಿತು. ಮುದುಕ ಬಿದಿರಿನ ದಬ್ಬೆ ಇಟ್ಟು ಕಟ್ಟು ಕಟ್ಟಿದ. ಹೊತ್ತು ನೆತ್ತಿಗೇರಿತು. ವ್ಯಾಪಾರಿ ಹೆಂಗಸು ಕಾದಳು, ಮತ್ತೂ ಕಾದಳು, ಕೊನೆಗೆ ಗಂಟನ್ನು ಇಳಿಸಿ ನೇಕಾರನ ಜಗಲಿಯ ಮೇಲಿಟ್ಟು ಹೊರಟಳು.

ಓಡಿದ್ದರೆ ಕೆರೆಯ ಏರಿಯ ಮೇಲೆ ಎತ್ತುಗಳು ಸಿಗುತ್ತಿದ್ದವು. ಅವುಗಳ ಕೊರಳ ಗಂಟೆ ಕೇಳಿಸುತ್ತಲೇ ಇತ್ತು. ಆ ದನಿ ಪೂರ್ತಿ ನಿಲ್ಲುವವರೆಗೂ ಹುಡುಗಿ ಗೌಂಡಿಯ ಕಾಲು ಹಿಡಿದುಕೊಂಡು ಕೂತಿದ್ದಳು. ಹಿಡಿದುಕೊಳ್ಳುವ ಅಗತ್ಯ ಆಗ ಇರಲಿಲ್ಲ.

ಹಾಗೆ ಅವಳು ಎಲುಬು ಕೂಡಿಸುವವಳಾದಳು.

ಮುದುಕ ತನಗೆ ತಿಳಿದದ್ದನ್ನೆಲ್ಲ ಕಲಿಸಿ ಕಣ್ಣು ಮುಚ್ಚಿದ. ಸುತ್ತಲಿನ ಹಳ್ಳಿಗಳಿಂದ ಜನ ಗಾಡಿ ಕಟ್ಟಿಕೊಂಡು ಅವಳ ಮನೆಗೆ ಬರತೊಡಗಿದರು. ದೂರದ ದಾರಿ ನಡೆಯುವವರೂ ಬರುತ್ತಿದ್ದರು. ಕುರಿ ಕಾಯುವವರು, ಯಾತ್ರೆ ಹೊರಟವರು, ಉಪ್ಪು ಮಾರುವವರು. ಕಾಲು ಕೂಡುವವರೆಗೆ ಅವಳ ಪಡಸಾಲೆಯಲ್ಲೇ ಮಲಗಿರುತ್ತಿದ್ದರು. ಅವಳು ಅವರಿಗೆ ಗಂಜಿ ಕೊಡುತ್ತ ದಾರಿಯ ಮಾತು ತೆಗೆಯುತ್ತಿದ್ದಳು. ಆ ಹೊಳೆ ದಾಟುವುದು ಹೇಗೆ, ಘಟ್ಟದ ತುದಿಯಲ್ಲಿ ನಿಂತರೆ ಏನು ಕಾಣುತ್ತದೆ, ಅಲ್ಲಿಯ ಜನ ಏನು ಉಣ್ಣುತ್ತಾರೆ. ಎಲುಬು ಎಳೆಯುವಾಗಲೂ ಹಾಗೆಯೇ. ಕಾಲು ಬಂದ ಮೇಲೆ ಮೊದಲು ಯಾವ ಊರಿಗೆ ಹೋಗುತ್ತೀ ಎಂದು ಕೇಳುತ್ತಿದ್ದಳು. ನೋವಿನಲ್ಲಿದ್ದವನು ಆ ಊರನ್ನು ನೆನೆಸಿಕೊಂಡು ಹೇಳಲು ಬಾಯಿ ತೆರೆಯುತ್ತಿದ್ದಂತೆ ಅವಳ ಕೈ ಕೆಲಸ ಮುಗಿಸಿರುತ್ತಿತ್ತು.

ವಾಸಿಯಾದವರನ್ನು ಅವಳು ಊರ ಹೊರಗಿನವರೆಗೂ ನಡೆಸಿಕೊಂಡು ಹೋಗುತ್ತಿದ್ದಳು. ಹೆಜ್ಜೆ ನೆಟ್ಟಗೆ ಬೀಳುತ್ತದೆಯೋ ಇಲ್ಲವೋ ನೋಡುತ್ತಾಳೆ ಎಂದು ಜನ ತಿಳಿದಿದ್ದರು. ಅದೂ ನಿಜವೇ. ಆದರೆ ಅವರು ತಿರುವಿನಲ್ಲಿ ಮರೆಯಾದ ಮೇಲೂ ಅವಳು ನಿಂತೇ ಇರುತ್ತಿದ್ದಳು.

ವ್ಯಾಪಾರಿ ಹೆಂಗಸು ವರ್ಷ ತಪ್ಪದೆ ಬರುತ್ತಿದ್ದಳು. ಬಂದಾಗಲೆಲ್ಲ, ಈ ಸಲ ಬರುತ್ತೀಯಾ ಎಂದು ಕೇಳುತ್ತಿದ್ದಳು. ಇವಳು ಪಡಸಾಲೆಯ ಕಡೆ ತಿರುಗಿ ನೋಡಿ, ಮುಂದಿನ ವರ್ಷ ಎನ್ನುತ್ತಿದ್ದಳು. ಪಡಸಾಲೆಯಲ್ಲಿ ಯಾವಾಗಲೂ ಯಾರಾದರೂ ಮಲಗಿರುತ್ತಿದ್ದರು. ನೇಕಾರ ತೀರಿಕೊಂಡ. ಮಗಳ ತಲೆಯಲ್ಲಿ ಬಿಳಿ ಕೂದಲು ಬಂತು. ಅವಳು ತಂದೆಯ ಕಡೆಯ ಸಂಬಂಧದ ಒಂದು ಹುಡುಗಿಯನ್ನು ಕರೆತಂದು ಸಾಕಿ ವಿದ್ಯೆ ಕಲಿಸಿದಳು. ಆ ಹುಡುಗಿಯೂ ಬೆಳೆದು ಕೈ ನುರಿತವಳಾದಳು.

ಒಂದು ವರ್ಷ ವ್ಯಾಪಾರಿ ಹೆಂಗಸು ಕೋಲೂರಿಕೊಂಡು ಬಂದಳು. ಇನ್ನು ಘಟ್ಟ ಹತ್ತಲಾರೆ, ಇದೇ ಕೊನೆಯ ಸಲ ಎಂದಳು. ಅವತ್ತು ಪಡಸಾಲೆ ಖಾಲಿಯಿತ್ತು. ನಾನಿದ್ದೇನೆ, ಹೋಗಿ ಬಾ ಎಂದಳು ಶಿಷ್ಯೆ. ನೇಕಾರನ ಮಗಳು ಗಂಟು ಕಟ್ಟಿಕೊಂಡು ಎತ್ತುಗಳ ಹಿಂದೆ ಹೊರಟಳು.

ದಾರಿ ಅವಳಿಗೆ ಮೋಸ ಮಾಡಲಿಲ್ಲ. ಕೇಳಿದ್ದಕ್ಕಿಂತ ಹೊಳೆ ಅಗಲವಾಗಿತ್ತು, ಘಟ್ಟ ಎತ್ತರವಾಗಿತ್ತು. ಹೊಸ ಊರು ಕಂಡಾಗ ಅವಳು ವಯಸ್ಸು ಮರೆತು ಎತ್ತುಗಳಿಗಿಂತ ಮುಂದೆ ನಡೆಯುತ್ತಿದ್ದಳು. ಸಮುದ್ರ ಕಂಡ ದಿನ ಸೀರೆ ನೆನೆಯುವವರೆಗೆ ನೀರಿನಲ್ಲಿ ನಿಂತಿದ್ದಳು. ಆಮೇಲೆ ನಕ್ಕಳು. ದಂಡೆಯಲ್ಲಿ ಕೂತಿದ್ದ ವ್ಯಾಪಾರಿ ಮುದುಕಿ ಆ ನಗು ನೋಡಿ ಕಣ್ಣೊರೆಸಿಕೊಂಡಳು.

ಮುದುಕಿಗೆ ಆ ಪೇಟೆಯಲ್ಲಿ ಒಂದು ಮನೆ, ಒಂದು ಮಳಿಗೆ ಇತ್ತು. ಇಲ್ಲೇ ಇರು, ವ್ಯಾಪಾರ ನಿನ್ನದು, ನಾನು ಮನೆಯಲ್ಲಿದ್ದು ಅಡಿಗೆ ಮಾಡಿ ಹಾಕುತ್ತೇನೆ ಎಂದಳು. ನೇಕಾರನ ಮಗಳು ಒಪ್ಪಿದಳು. ಬಟ್ಟೆಯ ಗುಣ ಅವಳಿಗೆ ಹುಟ್ಟಿನಿಂದಲೇ ಗೊತ್ತಿತ್ತು. ಮಳಿಗೆ ಚೆನ್ನಾಗಿ ನಡೆಯಿತು. ಸಂಜೆ ಇಬ್ಬರೂ ದಂಡೆಗೆ ಹೋಗಿ ಕೂರುತ್ತಿದ್ದರು.

ಕೆಲವು ವಾರ ಹೀಗೆ ಕಳೆದವು. ಬರಬರುತ್ತ ಅವಳಿಗೆ ಊಟ ಸೇರದಾಯಿತು. ಗಿರಾಕಿ ಬಟ್ಟೆಯ ದರ ಕೇಳಿದರೆ ಅವಳು ಅವನ ಕಾಲು ನೋಡುತ್ತಿದ್ದಳು. ದಂಡೆಯಲ್ಲಿ ಕೂತರೆ ಬೆನ್ನು ನೀರಿನ ಕಡೆಗೂ ಮುಖ ಘಟ್ಟದ ಕಡೆಗೂ ತಾನಾಗಿಯೇ ತಿರುಗುತ್ತಿತ್ತು. ಮುದುಕಿ ಇದನ್ನೆಲ್ಲ ಕಂಡೂ ಕಾಣದಂತೆ ಇದ್ದಳು. ಕೊನೆಗೆ ಒಂದು ಸಂಜೆ ಕೇಳಿದಳು.

“ಇಷ್ಟು ವರ್ಷ ಇದಕ್ಕಾಗಿ ಕಾತರಿಸಿದೆ. ಕಣ್ಣೆದುರಿಗೇ ಇದೆ. ಮತ್ತೆ ಯಾಕೆ ಹೀಗೆ ಸೊರಗುತ್ತೀಯ?”

ನೇಕಾರನ ಮಗಳು ಹೇಳಿದಳು.

“ಅಲ್ಲಿ ಕೂತು ಇದಕ್ಕೆ ಹಂಬಲಿಸುತ್ತಿದ್ದೆ ಅಕ್ಕ. ಆ ಹಂಬಲ ನೋಯುತ್ತಿತ್ತು, ಆದರೆ ಅದನ್ನು ಇಟ್ಟುಕೊಂಡೇ ಉಣ್ಣುತ್ತಿದ್ದೆ, ದುಡಿಯುತ್ತಿದ್ದೆ. ಈಗ ಇಲ್ಲಿ ಕೂತು ಆ ಕೆಲಸಕ್ಕೆ ಹಂಬಲಿಸುತ್ತಿದ್ದೇನೆ. ಈ ಹಂಬಲವನ್ನು ಇಟ್ಟುಕೊಂಡು ಒಂದು ತುತ್ತೂ ಇಳಿಯುವುದಿಲ್ಲ.”

ನಿನ್ನ ಕೈಗಾಗಿ ಅಲ್ಲಿ ಯಾರು ಕಾಯುತ್ತಾರೆ, ಶಿಷ್ಯೆ ಇದ್ದಾಳಲ್ಲ ಎಂದಳು ಮುದುಕಿ. ಯಾರೂ ಕಾಯುವುದಿಲ್ಲ, ಅದು ನನಗೂ ಗೊತ್ತು ಎಂದಳು ನೇಕಾರನ ಮಗಳು.

ಮುದುಕಿ ನೀರಿನ ಕಡೆ ನೋಡುತ್ತ ಹೇಳಿದಳು.

“ನಾನು ವರ್ಷ ವರ್ಷ ನಿಮ್ಮ ಊರಿನವರೆಗೆ ಬರುತ್ತಿದ್ದದ್ದು ಬಟ್ಟೆಗೆ ಅಂದುಕೊಂಡೆಯಾ? ಅಂಥ ಬಟ್ಟೆ ಘಟ್ಟದ ಬುಡದಲ್ಲೇ ಸಿಗುತ್ತದೆ.”

ನೇಕಾರನ ಮಗಳು ಮುದುಕಿಯ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು ಹೊತ್ತು ಮುಳುಗುವವರೆಗೂ ನೀವಿದಳು. ನನ್ನ ಜೊತೆ ಬಂದುಬಿಡು ಎಂದು ಕರೆದಳು. ಮುದುಕಿ ಒಲ್ಲೆನೆಂದು ತಲೆಯಾಡಿಸಿದಳು. ನಾಲ್ಕು ಗೋಡೆಯ ಊರಿನಲ್ಲಿ ನನ್ನ ಉಸಿರು ನಿಲ್ಲುತ್ತದೆ, ನೀನಿಲ್ಲದ್ದು ನನಗೆ ರೂಢಿಯಿದೆ ಎಂದಳು. ಮರುದಿನ ಅವಳೇ ಬುತ್ತಿ ಕಟ್ಟಿ, ಘಟ್ಟ ಹತ್ತುವ ಜನರ ಜೊತೆ ಮಾಡಿ ಕಳಿಸಿಕೊಟ್ಟಳು.

ನೇಕಾರನ ಮಗಳು ಊರು ಸೇರಿದಾಗ ಶಿಷ್ಯೆ ಒಬ್ಬ ರೈತನ ಮಣಿಕಟ್ಟಿಗೆ ಕಟ್ಟು ಕಟ್ಟುತ್ತಿದ್ದಳು. ಎಲ್ಲವೂ ಸರಿಯಾಗಿ ನಡೆದಿತ್ತು. ಯಾರಿಗೂ ಯಾವ ತೊಂದರೆಯೂ ಆಗಿರಲಿಲ್ಲ. ಅವಳು ಕೈಕಾಲು ತೊಳೆದುಕೊಂಡು ಬಂದು, ಶಿಷ್ಯೆಯ ಪಕ್ಕದಲ್ಲಿ ಕೂತು, ದಬ್ಬೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡಳು. ಅವತ್ತು ಹೊಟ್ಟೆ ತುಂಬ ಉಂಡಳು.

ಮುಂದಿನ ವರ್ಷ ಎತ್ತುಗಳನ್ನು ಹೊಡೆದುಕೊಂಡು ಬೇರೆ ಯಾರೋ ಬಂದರು. ಮುದುಕಿ ಬಟ್ಟೆಯೇನೂ ಬೇಡ ಅಂದಿದ್ದಾಳೆ, ನಿಮ್ಮ ಕೈ ಹೇಗಿದೆ ಎಂದು ನೋಡಿಕೊಂಡು ಬರಲು ಹೇಳಿದ್ದಾಳೆ ಎಂದರು. ನೇಕಾರನ ಮಗಳು ತನ್ನ ಎರಡೂ ಕೈಗಳನ್ನು ಅವರ ಮುಂದೆ ಚಾಚಿ ತೋರಿಸಿದಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಒಂದು ದಿನ ಶಿಷ್ಯೆಯೇ ಎಲ್ಲವನ್ನೂ ನೋಡಿಕೊಂಡಳು.

ಕತೆ ಅಲ್ಲಿಗೆ ನಿಂತಿತು. ಮುರಿಗೆಪ್ಪ ಕೇಳಿದ.

“ಹಾಗಾದರೆ ಸಮುದ್ರ ನೋಡಿ ಬಂದ ಮೇಲೂ ಅವಳ ಹಳಹಳಿ ಹೋಗಲಿಲ್ಲವೇ?”

“ಹೆಚ್ಚಾಯಿತು,” ಎಂದರು ಗುರುಗಳು. “ಮೊದಲು ಸಮುದ್ರ ಒಂದೇ ಇತ್ತು. ಈಗ ಅದರ ದಂಡೆಯಲ್ಲಿ ಒಬ್ಬ ಮುದುಕಿಯೂ ಇದ್ದಳು.”

ಮುರಿಗೆಪ್ಪನಿಗೆ ಸಮಾಧಾನವಾಗಲಿಲ್ಲ. ಎರಡರಲ್ಲಿ ನನಗೆ ಯಾವುದು ಹೆಚ್ಚು ಬೇಕು ಎನ್ನುವುದೇ ತಿಳಿಯುತ್ತಿಲ್ಲ, ತಾವೇ ಒಂದನ್ನು ಹೇಳಿಬಿಡಿ ಎಂದು ಕೇಳಿಕೊಂಡ.

ಗುರುಗಳು ಅವನ ಭುಜದ ಮೇಲೆ ಕೈಯಿಟ್ಟು ಹೇಳಿದರು:

“ಯಾವುದು ಬೇಕು ಎಂದು ಹುಡುಕಬೇಡ ಮಗು, ಯಾವುದು ಇಲ್ಲದ ನೋವನ್ನು ಜೀವಮಾನವಿಡೀ ಅಕ್ಕರೆಯಿಂದ ಸಾಕಬಲ್ಲೆ, ಅದನ್ನು ಹೇಳು.”

ಮುರಿಗೆಪ್ಪ ಹೇಳಲು ಬಾಯಿ ತೆರೆದ.