ಹಣ್ಣಾಗದ ಚಿನ್ನದ ಕಾಯಿ

ಗುಡ್ಡದ ಆಚೆ, ಹಳ್ಳದ ಈಚೆ ಒಂದು ರಾಜ್ಯ ಇತ್ತಂತೆ. ಅದಕ್ಕೊಬ್ಬ ರಾಜ, ಗುಮ್ಮಟರಾಯ. ಮೀಸೆ ಮೊಳದುದ್ದ, ಮೂಗಿನ ತುದೀಲೇ ಕೋಪ. ಅವನ ಅವ್ವ ಹೊನ್ನಾಜಿ. ಬಾಯಲ್ಲಿ ಒಂದೂ ಹಲ್ಲಿಲ್ಲ, ಎಲೆ-ಅಡಿಕೆ ಇಲ್ಲದೆ ಹೊತ್ತು ಹೋಗಲ್ಲ. ಸೊಸೆ ತುಂಗಾಜಿ, ಅಂದ್ರೆ ಪಟ್ಟದ ರಾಣಿ, ದಿನಾ ಕುಟ್ಟಾಣೀಲಿ ಮೆತ್ತಗೆ ಕುಟ್ಟಿ ಅತ್ತೆ ಅಂಗೈಗೆ ಇಡೋಳು. ಅತ್ತೆ-ಸೊಸೆ ಅಷ್ಟು ಚೆನ್ನಾಗಿದ್ರು. ಕತೆಯಲ್ಲವಾ, ನಂಬಬೇಕು.

ಒಂದು ಸಲ ಯಾರೋ ಸ್ವಾಮಿಗಳು ಬಂದರು. "ಮನೆಮಂದಿ ಕೂತು ಆಟ ಆಡಿದ್ರೆ ಮನಸ್ಸು ಮನಸ್ಸು ಕೂಡುತ್ತೆ" ಅಂದರು. ಹಾಲು ಕುಡಿದು ಹೋದರು.

ರಾಜ ಡಂಗುರ ಹೊಡೆಸಿದ. "ಇವತ್ತಿಂದ ಮನೆಮನೇಲೂ ಎಲ್ಲರೂ ಕೂತು ಚೌಕಾಬಾರ ಆಡತಕ್ಕದ್ದು. ಆಡ್ತಾ ನಗತಕ್ಕದ್ದು. ನಗದವರಿಗೆ ಛಡಿ ಏಟು."

ಊರೆಲ್ಲ ಹೆದರಿಕೊಂಡು ನಕ್ಕಿತು.

ಅರಮನೇಲೂ ನೆಲದ ಮೇಲೆ ಸುಣ್ಣದಲ್ಲಿ ಚೌಕ ಬರೆದರು. ತಲೆಗೊಂದು ಕಾಯಿ. ರಾಜಂದು ಚಿನ್ನದ್ದು. ರಾಣೀದು ಬಳೆ ಚೂರು. ಮಗ ಬುಕ್ಕಣ್ಣಂದು ಹುಣಸೆ ಬೀಜ. ಹೊನ್ನಾಜೀದು ಅಡಿಕೆ ಹೋಳು. ಆಟ ನಿಮಗೆ ಗೊತ್ತೇ ಇದೆ. ಕವಡೆ ಹಾಕಬೇಕು, ಹೊರಸುತ್ತು ಸುತ್ತಬೇಕು. ಇನ್ನೊಬ್ಬರ ಕಾಯಿ ಕಡಿದ ಮೇಲೇನೇ ಒಳಸುತ್ತಿಗೆ ದಾರಿ. ನಟ್ಟನಡುವಿನ ಮನೆ ಮುಟ್ಟಿದ್ರೆ ಕಾಯಿ ಹಣ್ಣು. ಕಡಿದೋನಿಗೆ ಇನ್ನೊಂದು ಕೈ, ಕಡಿಸಿಕೊಂಡೋನು ಮತ್ತೆ ಮೊದಲಿಂದ.

ಮೊದಲನೇ ಸಂಜೆ ರಾಣಿ ಚಿನ್ನದ ಕಾಯಿ ಕಡಿದಳು. "ರಾಜನ ಕಾಯಿ ಕಡಿಯೋ ಹಾಗಿಲ್ಲ" ಅಂತ ಹೊಸ ಕಾನೂನು ಬಂತು. ರಾಣಿ ತವರಿಗೆ ಹೋದಳು.

ಎರಡನೇ ಸಂಜೆ ಬುಕ್ಕಣ್ಣನ ಬೀಜ ಚಿನ್ನದ ಕಾಯಿ ದಾಟಿ ಮುಂದೆ ಹೋಯ್ತು. "ರಾಜನ ಕಾಯಿ ದಾಟೋ ಹಾಗಿಲ್ಲ." ಬುಕ್ಕಣ್ಣ ಆನೆ ಲಾಯಕ್ಕೆ ಲದ್ದಿ ಎತ್ತೋಕೆ ಹೋದ.

ಮೂರನೇ ಸಂಜೆ ಉಳಿದೋಳು ಹೊನ್ನಾಜಿ ಒಬ್ಬಳೇ. ಕುಟ್ಟಿಕೊಡೋ ಸೊಸೆ ಇಲ್ಲ, ಬಾಯಿ ಸಪ್ಪೆ. ಅಡಿಕೆ ಹೋಳನ್ನ ಇಡೀ ದಿನ ದವಡೇಲಿ ಆ ಕಡೆಯಿಂದ ಈ ಕಡೆಗೆ ಉರುಳಿಸಿದ್ಲು, ಅದು ಸವೆಯಲಿಲ್ಲ. ಹೇಗಾದ್ರೂ ಸೊಸೇನ ವಾಪಸ್ ತರಿಸಲೇಬೇಕು ಅಂತ ಕೂತಳು.

"ಮಗನೇ," ಅಂದಳು, "ನಿನ್ನ ಕಾನೂನು ಎರಡೇ ಆಯ್ತಲ್ಲೋ. ನಿಮ್ಮಪ್ಪ ಎಲ್ಲಾನೂ ಮೂರು ಮೂರು ಮಾಡೋರು. ರಾಜ ಬರೋ ದಾರೀಲಿ ಯಾರ ಕಾಯೂ ನಿಲ್ಲಬಾರದು ಅಂತ ಇನ್ನೊಂದು ಮಾಡು. ಗತ್ತಾಗಿರುತ್ತೆ."

ರಾಜನ ಮೀಸೆ ಅರಳಿತು. ಮೊಹರು ಒತ್ತಿದ.

"ಇನ್ನು ಸೊಸೆ, ಮೊಮ್ಮಗನ್ನ ಕರೆಸು. ನೋಡೋರಿಲ್ಲದ ಗೆಲುವು ಯಾವ ಸೀಮೆ ಗೆಲುವು? ನಾಳೆ ದೀಪ ಹಚ್ಚೋದ್ರೊಳಗೆ ನಿನ್ನ ಕಾಯಿ ಹಣ್ಣಾದ್ರೆ ಅವರು ಹೋದಲ್ಲೇ ಬಿದ್ದಿರಲಿ. ಆಗದಿದ್ರೆ ಇಲ್ಲೇ ಇರ್ತಾರೆ. ಆಸ್ಥಾನದ ಮುಂದೆ ಮಾತು ಕೊಡ್ತೀಯಾ?"

"ಕೊಟ್ಟೆ, ತಗೋ."

ಮಾರನೇ ದಿನ ಊಟ ಆಗ್ತಿದ್ದ ಹಾಗೇ ಆಟ ಶುರು. ರಾಜ ಕವಡೆ ಹಾಕಿದ. ಮಿಕ್ಕವರ ಕಾಯಿ ಮಾತ್ರ ಅವರವರ ಕಟ್ಟೆ ಬಿಟ್ಟು ಕದಲಲಿಲ್ಲ. ಕಟ್ಟೆ ಮೇಲಿರೋ ಕಾಯಿನ ಕಡಿಯೋ ಹಾಗಿಲ್ಲ ನೋಡಿ.

"ಯಾಕೆ ನಡೆಸಲ್ಲ?" ಅಂದ ರಾಜ.

"ದಾರಿಗೆ ಅಡ್ಡ ಬಂದ್ರೆ ತಪ್ಪಲ್ವಾ ಅಪ್ಪಾಜಿ," ಅಂದ ಬುಕ್ಕಣ್ಣ. ಮೈಯೆಲ್ಲ ಲದ್ದಿ ವಾಸನೆ.

ಚಿನ್ನದ ಕಾಯಿ ಒಂದು ಸುತ್ತು ಬಂತು. ಆಸ್ಥಾನದವರು ಚಪ್ಪಾಳೆ ಹೊಡೆದರು. ಇನ್ನೊಂದು ಸುತ್ತು ಬಂತು. ಮಂತ್ರಿ, "ಪ್ರಭುಗಳು ಪ್ರದಕ್ಷಿಣೆ ಹಾಕ್ತಿದ್ದಾರೆ" ಅಂದ. ಮತ್ತೊಂದು ಸುತ್ತು ಬಂತು. ಮಂತ್ರಿ ನಿಂತಲ್ಲೇ ತೂಕಡಿಸಿದ.

"ಗಾಣದೆತ್ತು ಸುತ್ತಿದ್ರೆ ಎಣ್ಣೆಯಾದ್ರೂ ಬರುತ್ತೆ," ಅಂದಳು ಹೊನ್ನಾಜಿ.

ರಾಜನಿಗೆ ಆಗ ಹೊಳೀತು. ಕಡಿಯೋಕೆ ಒಂದು ಕಾಯೂ ಇಲ್ಲ. ಕಡಿಯದೆ ಒಳಗೆ ಬಿಡಲ್ಲ. ಕವಡೆ ಕೆಳಗಿಟ್ಟ. "ಕಡಿಯೋ ನಿಯಮಾನೇ ತೆಗೆದುಹಾಕ್ತೀನಿ."

"ತೆಗಿ ಮಗನೇ. ಆಮೇಲೆ ಒಬ್ಬನೇ ಆಡ್ಕೋ, ಒಬ್ಬನೇ ಹಣ್ಣಾಗು. ಡಂಗುರ ಹೊಡೆಸಿದ್ದು ಕೂಡಿ ಆಡೋಕೆ ತಾನೇ? ನಾವು ಏಳ್ತೀವಿ."

ಮೂವರೂ ಸೆರಗು, ಪಂಚೆ ಕೊಡವಿಕೊಂಡು ಎದ್ದೇಬಿಟ್ಟರು. ಅಷ್ಟಗಲ ಚೌಕದ ಮುಂದೆ ರಾಜ ಒಬ್ಬನೇ. ಹೊರಗೆ ಹೊತ್ತು ಇಳೀತಿತ್ತು.

"ಅವ್ವಾ, ಕೂತ್ಕೋ," ಅಂದ, ಮೆಲ್ಲಗೆ. "ಒಂದೇ ಒಂದು ಕಾಯಿ ಮುಂದಿಡು. ಕಡಿದುಬಿಡ್ತೀನಿ."

"ಇಡ್ತೀವಿ. ಆದ್ರೆ ನಿನ್ನ ಕೈಗೆ ಸಿಗೋ ಕಾಯಿಗೆ ನೀನೂ ಸಿಗ್ತೀಯ. ಮೂರು ಕಾನೂನೂ ಹರಿ."

ಹರಿದ. ರಾಣಿ, ಬುಕ್ಕಣ್ಣನ ಕಾಯಿ ಕಟ್ಟೆ ಬಿಟ್ಟು ಇಳಿದವು. ಹೊನ್ನಾಜಿ ಅಡಿಕೆ ಹೋಳು ಮುಂದೆ ನಡೆಸಿದಳು. ಅವಳಿಗೇನು ಅವಸರ? ರಾಜ ಕೈ ಮುಗಿದು ಕವಡೆ ಹಾಕಿದ. ಟಣ್ ಅಂತ ಅವ್ವನ ಕಾಯಿ ಕಡಿದ, ಗಬಕ್ಕನೆ ಒಳಸುತ್ತಿಗೆ ನುಗ್ಗಲು ಮತ್ತೆ ಕವಡೆ ಹಾಕಿದ. ಬಿದ್ದದ್ದು ಒಂದು. ಒಳಬಾಗಿಲಿಗೆ ಇನ್ನೂ ಒಂದು ಮನೆ ಬಾಕಿ.

ಈಗ ರಾಣಿ ಸರದಿ. ಕವಡೆ ನಾಲ್ಕೂ ಬೋರಲು ಬಿದ್ದವು. ಬಾರ. ಬಳೆ ಚೂರು ಎಂಟು ಮನೆ ನಡೆದು ಹೋಗಿ ಚಿನ್ನದ ಕಾಯಿ ತಲೆ ಮೇಲೆ ಕೂತಿತು.

ಮಂತ್ರಿಗೆ ಎಚ್ಚರವಾಯ್ತು. ರಾಣಿ ತವರಿನ ಗಂಟನ್ನ ಇನ್ನೂ ಬಿಚ್ಚಿರಲಿಲ್ಲ, ಅದರ ಮೇಲೆ ಕೈಯಿಟ್ಟಳು. ರಾಜನ ಮೀಸೆ ಒಮ್ಮೆ ಅದುರಿತು. ಅವನು ಚಿನ್ನದ ಕಾಯಿ ಎತ್ತಿಕೊಂಡು, ತಾನೇ ತನ್ನ ಕಟ್ಟೆಗೆ ವಾಪಸ್ ಇಟ್ಟ.

"ಮತ್ತೆ ಮೊದಲಿಂದ," ಅಂದ. "ಆಡು ತುಂಗಾಜಿ, ನಿಂದೇ ಇನ್ನೊಂದು ಕೈ."

ಬುಕ್ಕಣ್ಣ ಕಿಸಕ್ ಅಂತ ನಕ್ಕ. ಛಡಿ ಏಟಿನ ಭಯ ಇಲ್ಲದೆ ಆ ಅರಮನೇಲಿ ಕೇಳಿದ ಮೊದಲ ನಗು ಅದು. ದೀಪ ಬಂತು. ಕಾಯಿ ಹಣ್ಣಾಗಲಿಲ್ಲ, ರಾಣಿ ಗಂಟು ಬಿಚ್ಚಿದಳು.

ಮಕ್ಕಳೇ, ಮನೆಯವರ ಜೊತೆ ಆಡೋಕೆ ಕೂತ ಮೇಲೆ ಸೋಲೋಕೂ ತಯಾರಿರಬೇಕು. ಯಾರ ಕೈಗೂ ಸಿಗದೋನು ಹೊರಸುತ್ತಲ್ಲೇ ತಿರುಗ್ತಾನೆ, ರಾಜನಾದ್ರೂ ಅಷ್ಟೇ.

ಹೊನ್ನಾಜಿ ಆಟ? ಅವಳ ಕಾಯಿ ಆಗಲೇ ಕುಟ್ಟಾಣಿ ಸೇರಿತ್ತು.