ಕೂಗಿದಾಗ ಬಂದ ನೀಲಿಗಿಡುಗರು

"ಬುದ್ಧೀ, ಒಳಗೆ ಏನೂ ಇಲ್ಲದವನು ಹೊರಗೆ ಕಾವಿ ಉಟ್ಟರೆ ಅದು ಮೋಸವಲ್ಲವೇ?" ಎಂದು ಮರಿದೇವರು ಗುರುಗಳನ್ನು ಕೇಳಿದರು.

ಮರಿದೇವರು ಎಂದರೆ ಆ ಮಠದ ಕಿರಿಯ ಸ್ವಾಮಿ. ದೀಕ್ಷೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹಿಂದಿನ ದಿನ ಶಿವನಂಜಮ್ಮ ಎಂಬ ಹೆಂಗಸು ಮಠಕ್ಕೆ ಬಂದಿದ್ದಳು. ಅವಳ ತಾಯಿ ಹಾಸಿಗೆ ಹಿಡಿದಿದ್ದಳು, ಇನ್ನು ಹೆಚ್ಚು ದಿನ ಉಳಿಯುವಂತಿರಲಿಲ್ಲ. ಮರಿದೇವರು ಬಂದು ಒಂದು ಗಳಿಗೆ ಪಕ್ಕದಲ್ಲಿ ಕೂತರೆ ಮುದುಕಿಯ ಜೀವಕ್ಕೆ ಸಮಾಧಾನ ಎಂದು ಬೇಡಿಕೊಂಡಿದ್ದಳು. ಮರಿದೇವರು ಏನೋ ನೆಪ ಹೇಳಿ ಒಳಗೆ ಹೋಗಿಬಿಟ್ಟಿದ್ದರು. ನಾಳೆ ಮತ್ತೆ ಬರುತ್ತೇನೆ ಎಂದು ಹೇಳಿ ಅವಳು ಹೋಗಿದ್ದಳು.

ಅದನ್ನೆಲ್ಲ ಈಗ ಗುರುಗಳ ಮುಂದೆ ಒಪ್ಪಿಸಿದರು. ತಮಗೇ ಸಾವೆಂದರೆ ಭಯ, ಪೂಜೆಗೆ ಕೂತರೆ ಮನಸ್ಸು ನಿಲ್ಲುವುದಿಲ್ಲ, ಇಂಥವನು ಸಾಯುವವರ ಪಕ್ಕದಲ್ಲಿ ಯಾವ ಮುಖ ಇಟ್ಟುಕೊಂಡು ಕೂರುವುದು ಎಂದರು. ಕಾವಿ ಬಿಚ್ಚಿಟ್ಟು ಊರಿಗೆ ಹೊರಟುಬಿಡುವ ಯೋಚನೆ ಇದೆ ಎಂದೂ ಹೇಳಿದರು.

ಗುರುಗಳು ಜಗಲಿಯ ಮೇಲೆ ಕೂತು ಪೂಜೆಗೆ ಬಿಲ್ವಪತ್ರೆ ಆರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. ಹೋಗುವವನು ಹೇಗೂ ಹೋಗುತ್ತೀಯೆ, ಒಂದು ಕತೆ ಕೇಳಿಕೊಂಡು ಹೋಗು ಎಂದು ಶುರು ಮಾಡಿದರು.

ಒಂದು ದೊಡ್ಡ ಪಟ್ಟಣದಲ್ಲಿ ವರ್ಷಕ್ಕೊಮ್ಮೆ ಒಂದು ಸಮಾವೇಶ ನಡೆಯುತ್ತಿತ್ತು. ಕಾಮಿಕ್ಸು, ಕಾರ್ಟೂನು, ಸಿನಿಮಾಗಳ ಹುಚ್ಚು ಹಿಡಿದವರೆಲ್ಲ ಅಲ್ಲಿ ಸೇರುತ್ತಿದ್ದರು. ಸುಮ್ಮನೆ ಸೇರುವುದಲ್ಲ, ತಮಗೆ ಇಷ್ಟವಾದ ಪಾತ್ರದ ವೇಷ ಹಾಕಿಕೊಂಡೇ ಬರುತ್ತಿದ್ದರು. ಒಬ್ಬ ರಾಕ್ಷಸ, ಒಬ್ಬಳು ಮಾಟಗಾತಿ, ಒಬ್ಬ ತಗಡಿನ ಮನುಷ್ಯ. ಕಾಲಿಡಲು ಜಾಗವಿರುತ್ತಿರಲಿಲ್ಲ. ನಗಬೇಡವಯ್ಯಾ. ನೀನೂ ನಾನೂ ಕಾವಿ ಉಟ್ಟವರು, ಇನ್ನೊಬ್ಬರ ಬಟ್ಟೆ ನೋಡಿ ನಗುವ ಹಕ್ಕು ನಮಗಿಲ್ಲ.

ಅವರಲ್ಲಿ ಒಂದು ಪದ್ಧತಿ ಇತ್ತು. ವೇಷದಲ್ಲಿ ಇರುವಷ್ಟು ಹೊತ್ತು ಒಬ್ಬರನ್ನೊಬ್ಬರು ಪಾತ್ರದ ಹೆಸರಿನಿಂದಲೇ ಕರೆಯುತ್ತಿದ್ದರು. ಅದರಲ್ಲೂ ಒಂದು ಮಗು ಬಂದು ಆ ಹೆಸರು ಹಿಡಿದು ಕರೆದರೆ, ಅವನು ನಾನಲ್ಲ ಎಂದು ಹೇಳಕೂಡದು.

ಆ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಒಬ್ಬ ಕಾಂಪೌಂಡರ್ ಇದ್ದ. ಮಕ್ಕಳಿಗೆ ಸೂಜಿ ಚುಚ್ಚುವುದು ಅವನ ಕೆಲಸ. ಪಾಪ, ಇರುವೆಗೂ ಕೇಡು ಬಯಸದವನು. ಆದರೆ ಅವನ ನೆರಳು ಕಂಡರೆ ಸಾಕು, ಮಕ್ಕಳು ತಾಯಿಯ ಸೆರಗಿನೊಳಗೆ ಸೇರಿಕೊಳ್ಳುತ್ತಿದ್ದವು. ಬೀದಿಯಲ್ಲಿ ಎದುರಾದರೂ ಅಳುತ್ತಿದ್ದವು. ಊಟ ಮಾಡದಿದ್ದರೆ ಅವನನ್ನು ಕರೆಯುತ್ತೇನೆ ನೋಡು ಎಂದು ಅಕ್ಕಪಕ್ಕದ ತಾಯಂದಿರು ಅವನ ಹೆಸರು ಹೇಳಿಯೇ ಹೆದರಿಸುತ್ತಿದ್ದರು. ಹುಟ್ಟಿದ್ದಕ್ಕೆ ಒಂದು ಮಗುವಾದರೂ ನನ್ನನ್ನು ಕಂಡು ಓಡಿ ಬರಲಿ ಎಂಬುದೊಂದೇ ಅವನ ಆಸೆ.

ಕಾಮಿಕ್ಸಿನಲ್ಲಿ ನೀಲಿಗಿಡುಗ ಎಂಬ ವೀರನಿದ್ದ. ಯಾವ ಮಗು ಎಲ್ಲಿಂದ ಕೂಗಿದರೂ ಹಾರಿ ಬರುವವನು. ಮಕ್ಕಳಿಗೆ ಅವನೆಂದರೆ ಪ್ರಾಣ. ಕಾಂಪೌಂಡರ್ ಮನೆಯ ಕಿಟಕಿಯ ನೀಲಿ ಪರದೆ ಕತ್ತರಿಸಿ ರೆಕ್ಕೆ ಹೊಲಿದ. ರಟ್ಟಿನಲ್ಲಿ ಮುಖವಾಡ ಮಾಡಿ ಬಣ್ಣ ಬಳಿದ. ನೀಲಿಗಿಡುಗನಾಗಿ ಸಮಾವೇಶಕ್ಕೆ ಹೋದ.

ಹೋಗಿ ನೋಡಿದರೆ ಅಲ್ಲಿ ಮೂವತ್ತು ನಲವತ್ತು ಜನ ನೀಲಿಗಿಡುಗರು. ಎತ್ತರದವರು, ಕಟ್ಟುಮಸ್ತಾದವರು, ಮಿರಮಿರ ಮಿಂಚುವ ರೆಕ್ಕೆಯವರು. ಮಕ್ಕಳೆಲ್ಲ ಅವರ ಸುತ್ತ ಮುತ್ತಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದವು. ಇವನಿಗೋ ಹೊಟ್ಟೆ ಮುಂದೆ ಬಂದಿತ್ತು, ರೆಕ್ಕೆಯ ಮೇಲೆ ಪರದೆಯ ಹೂವುಗಳು ಹಾಗೆಯೇ ಇದ್ದವು. ಇವನು ಡೂಪ್ಲಿಕೇಟ್ ಎಂದು ಒಂದು ಮಗು ಬೆರಳು ತೋರಿಸಿ ನಕ್ಕಿತು. ಮಧ್ಯಾಹ್ನವಾದರೂ ಅವನ ಹತ್ತಿರ ಯಾರೂ ಸುಳಿಯಲಿಲ್ಲ. ಮಗು ಹೇಳಿದ್ದು ಸರಿ, ನನಗೇಕೆ ಬೇಕಿತ್ತು ಈ ಉಸಾಬರಿ ಎಂದುಕೊಂಡು ಒಂದು ಮೂಲೆಗೆ ಹೋಗಿ ಮುಖವಾಡದ ದಾರ ಬಿಚ್ಚತೊಡಗಿದ.

ಅದೇ ಹೊತ್ತಿಗೆ ಆ ಜನಜಂಗುಳಿಯಲ್ಲಿ ಒಂದು ಪುಟ್ಟ ಹುಡುಗಿ ತಂದೆಯ ಕೈ ತಪ್ಪಿಸಿಕೊಂಡಿತ್ತು. ಸಮಾವೇಶದ ಕಾರ್ಯಕರ್ತರು ಅದನ್ನು ಕುಡಿಯುವ ನೀರಿಟ್ಟ ಮೇಜಿನ ಹತ್ತಿರ ಕೂರಿಸಿ, ನಿಮ್ಮಪ್ಪ ಯಾರು ಎಂದು ಕೇಳಿದರು. ಆ ವಯಸ್ಸಿಗೆ ಅಪ್ಪ ಎಂದರೆ ಅಪ್ಪ, ಬೇರೆ ಹೆಸರು ಗೊತ್ತಿಲ್ಲ. ಬೆಳಿಗ್ಗೆ ಅಪ್ಪ ವೇಷ ಹಾಕಿಕೊಂಡದ್ದನ್ನು ನೋಡಿತ್ತು. ನೀಲಿಗಿಡುಗ ಎಂದಿತು. ಅವರು ಹಾಗೆಯೇ ಮೈಕಿನಲ್ಲಿ ಕೂಗಿದರು. ನೀಲಿಗಿಡುಗ, ನಿನ್ನ ಮಗು ಅಳುತ್ತಿದೆ, ನೀರಿನ ಹತ್ತಿರ ಬಾ ಎಂದರು.

ಬೇರೆ ಕಡೆಯಾಗಿದ್ದರೆ ಒಬ್ಬ ಬರುತ್ತಿದ್ದ. ಈ ಹುಚ್ಚರನ್ನು ನೋಡು, ಇದ್ದಬದ್ದ ನೀಲಿಗಿಡುಗರೆಲ್ಲ ಎದ್ದುಬಿದ್ದು ಓಡಿದರು. ಅವರಲ್ಲಿ ಮದುವೆಯೇ ಆಗದವರು ಎಷ್ಟೋ ಜನ. ಅದು ತನ್ನ ಮಗುವಲ್ಲ ಎಂದು ಒಬ್ಬೊಬ್ಬನಿಗೂ ಗೊತ್ತಿತ್ತು. ಆದರೂ ಮಗು ಅಳುತ್ತ ಕರೆದಿದೆ, ನೀಲಿಗಿಡುಗ ಹೋಗದೆ ಇರುವುದುಂಟೇ? ಕಾಂಪೌಂಡರ್ ಬಿಚ್ಚಿದ ದಾರವನ್ನು ಮತ್ತೆ ಕಟ್ಟಿಕೊಂಡು ಏದುಸಿರು ಬಿಡುತ್ತ ಎಲ್ಲರಿಗಿಂತ ಹಿಂದೆ ಓಡಿದ.

ಬರದೆ ಇದ್ದವನು ಒಬ್ಬನೇ, ಹೆತ್ತ ತಂದೆ. ಮಗಳು ಕಾಣದಾದ ಕೂಡಲೇ ಅವನು ರೆಕ್ಕೆ ಮುಖವಾಡ ಎಲ್ಲ ಕಿತ್ತೆಸೆದು ಹೊರಬಾಗಿಲಿಗೆ ಓಡಿದ್ದ. ಅಲ್ಲಿನ ಗದ್ದಲದಲ್ಲಿ ಮೈಕಿನ ಮಾತು ಅವನ ಕಿವಿಗೆ ಬೀಳಲಿಲ್ಲ.

ಇತ್ತ ಒಂದೇ ಥರದ ಅಷ್ಟು ಮುಖಗಳು ಒಟ್ಟಿಗೆ ಬಗ್ಗಿ ನೋಡಿದ್ದೇ ತಡ, ಮಗು ಹೌಹಾರಿ ಮೇಜಿನ ಕೆಳಗೆ ಸೇರಿಕೊಂಡಿತು. ಎಷ್ಟು ಕರೆದರೂ ಹೊರಗೆ ಬರಲಿಲ್ಲ. ಕಾಂಪೌಂಡರ್ ಬಂದವನು ನಿಲ್ಲಲಾರದೆ ನೆಲದ ಮೇಲೆ ಕುಸಿದು ಕೂತ. ಕೂತದ್ದರಿಂದ ಮಗುವಿಗೆ ಅವನ ಮುಖವಾಡವೂ ಹೂವಿನ ರೆಕ್ಕೆಯೂ ನೇರವಾಗಿ ಕಂಡವು. ಅಪ್ಪನಲ್ಲ ಎಂದು ಅದಕ್ಕೆ ತಿಳಿಯಿತು. ಬಹಳ ಹೊತ್ತು ನೋಡಿ ಕೇಳಿತು.

"ನೀನು ನಿಜವಾದ ನೀಲಿಗಿಡುಗನಾ?"

ಹೌದು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಅಲ್ಲ ಎನ್ನುವಂತಿರಲಿಲ್ಲ.

"ನೀನು ಕರೆದೆಯಲ್ಲ ಪುಟ್ಟಿ, ಅದಕ್ಕೇ ಬಂದೆ."

ಮಗು ತೆವಳಿಕೊಂಡು ಹೊರಗೆ ಬಂತು. ಅವನು ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ಅದರ ಅಪ್ಪನನ್ನು ಹುಡುಕಲು ಎದ್ದ. ಉಳಿದವರು ಮುಂದೆ ನಿಂತು ರೆಕ್ಕೆ ಅಗಲಿಸಿ ದಾರಿ ಬಿಡಿಸಿದರು. ಅಷ್ಟು ಜನ ನೀಲಿಗಿಡುಗರು ಒಟ್ಟಿಗೆ ನಡೆದರೆ ಯಾವ ಗುಂಪು ದಾರಿ ಬಿಡುವುದಿಲ್ಲ! ಹೊರಬಾಗಿಲ ಹತ್ತಿರ ಕೆದರಿದ ತಲೆಯಲ್ಲಿ ಹುಚ್ಚನಂತೆ ತಿರುಗುತ್ತಿದ್ದ ತಂದೆಗೆ ಜನರ ತಲೆಗಳ ಮೇಲೆ ಮಗಳು ಕಂಡಳು. ಅವನು ಅಲ್ಲೇ ಅತ್ತುಬಿಟ್ಟ. ಮಗಳನ್ನು ಎತ್ತಿಕೊಂಡು ಕಾಂಪೌಂಡರನ ಕೈ ಹಿಡಿದು, ಸ್ವಾಮಿ ನೀವು ಯಾರು ಎಂದು ಕೇಳಿದ. ಮಗುವೇ ಅವನ ಪರವಾಗಿ ಹೆಸರು ಹೇಳಿತು.

ಅವರು ಹೊರಟರು. ನಾಲ್ಕು ಹೆಜ್ಜೆ ಹೋದ ಮೇಲೆ ಮಗು ತಂದೆಯ ತೋಳಿನಿಂದ ಜಾರಿ ಇಳಿದು, ಓಡಿ ಬಂದು ಅವನ ಕಾಲು ತಬ್ಬಿಕೊಂಡಿತು. ಆಮೇಲೆ ಮತ್ತೆ ತಂದೆಯ ಹತ್ತಿರ ಓಡಿತು. ಕಾಂಪೌಂಡರ್ ಮುಖವಾಡದೊಳಗೆ ಗಳಗಳ ಅತ್ತ. ಅಳು ನಿಂತ ಮೇಲೆ ರೆಕ್ಕೆ ಮಡಿಸಿ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದ.

ಗುರುಗಳು ಅಲ್ಲಿಗೆ ಕತೆ ಮುಗಿಸಿದರು. ಮರಿದೇವರು, ಏನೇ ಆದರೂ ಅವನು ನಿಜವಾದ ನೀಲಿಗಿಡುಗನಂತೂ ಆಗಿರಲಿಲ್ಲವಲ್ಲ ಬುದ್ಧೀ ಎಂದರು. ಹೌದು, ಆಗಿರಲಿಲ್ಲ, ಮರುದಿನ ಹೋಗಿ ಮತ್ತೆ ಸೂಜಿಯನ್ನೇ ಚುಚ್ಚಿದ ಎಂದು ಗುರುಗಳು ಒಪ್ಪಿಕೊಂಡರು.

ಅಷ್ಟರಲ್ಲಿ ಮಠದ ಬಾಗಿಲಲ್ಲಿ ಹೆಂಗಸಿನ ದನಿ ಕೇಳಿಸಿತು. ಶಿವನಂಜಮ್ಮ ಬಂದಿದ್ದಳು. ಓಡಿ ಬಂದಿದ್ದಳೆಂದು ಅವಳ ಉಸಿರಿನಿಂದಲೇ ತಿಳಿಯುತ್ತಿತ್ತು. ಹೊಸಿಲಾಚೆ ನಿಂತು, ಮರಿದೇವರೇ, ಮರಿದೇವರೇ ಎಂದು ಕರೆಯುತ್ತಿದ್ದಳು.

ಮರಿದೇವರು ಗುರುಗಳ ಮುಖ ನೋಡಿದರು. ಗುರುಗಳು ಪತ್ರೆಯ ಬುಟ್ಟಿ ಪಕ್ಕಕ್ಕೆ ಇಟ್ಟರು.

"ನಿಜವಾದವರು ಬರುವ ತನಕ ಕಾದಿರು ಎಂದು ಅವಳಿಗೆ ಹೇಳಿ ಕಳಿಸಲೇನಪ್ಪ?"

ಮರಿದೇವರು ಎದ್ದು ಕಾವಿ ಸರಿಪಡಿಸಿಕೊಂಡು ಬಾಗಿಲ ಕಡೆ ನಡೆದರು.